ಅಕ್ಕನ ಹುಳುಗಳು ಗೋಡೆ ಹತ್ತಿದ್ದು

ದೀಪಾವಳಿಯ ಹಿಂದಿನ ದಿನ ಬೆಳಿಗ್ಗೆ, ಬಂಕಾಪುರದ ಹೊರಗೆ ಅಕ್ಕನ ಹೊಲದಲ್ಲಿ, ದನದ ಮನೆಗೂ ಎರೆಹುಳುವಿನ ತೊಟ್ಟಿಗೂ ನಡುವೆ ನಾನು ನಿಂತಿದ್ದೆ. ಕೈಯಲ್ಲಿ ಚಹಾ ಇತ್ತು. ಯಾರೋ ಹೇಳಿದ್ದನ್ನು ಬರೆಯುತ್ತಿಲ್ಲ, ಅದಕ್ಕೇ ಇಷ್ಟು ವಿವರ.

ಅಕ್ಕ ಎಮ್ಮೆ ತೊಳೆದ ನೀರು, ಸಗಣಿ ಗಂಜಲ ಸಮೇತ, ಪಕ್ಕದ ಹೊಲದ ಚಾಚಾ ಅವರ ಕಾಲುವೆಗೆ ಹೋಗಿ ಬಾವಿಯ ಬುಡದಲ್ಲಿ ನಿಲ್ಲುತ್ತಿತ್ತು. ಹಬ್ಬದೊಳಗೆ ನೀರು ತಿಳಿಯಾಗದಿದ್ದರೆ ಕಾಲುವೆಗೆ ಮಣ್ಣು ಹಾಕುತ್ತೇನೆ ಎಂದು ಅವರು ಹೇಳಿದ್ದರು. ಕಾಲುವೆ ಮುಚ್ಚಿದರೆ ಅಕ್ಕ ಎಮ್ಮೆ ಮಾರಬೇಕು. ಅದಕ್ಕೇ ತೊಟ್ಟಿ ಕಟ್ಟಿಸಿದ್ದಳು: ತಳದಲ್ಲಿ ಜಲ್ಲಿ, ಅದರ ಮೇಲೆ ಉಸುಕು, ಎಲ್ಲಕ್ಕಿಂತ ಮೇಲೆ ಕಟ್ಟಿಗೆಯ ಹೊಟ್ಟು, ಹೊಟ್ಟಿನೊಳಗೆ ಎರೆಹುಳು. ಮೇಲಿನಿಂದ ಬಿಟ್ಟ ಕೊಳೆನೀರಿನ ಸಗಣಿಯನ್ನು ಹುಳುಗಳು ತಿನ್ನುತ್ತಿದ್ದವು. ಕೆಳಗಿನ ಕೊಳವೆಯಿಂದ ತೆಳುವಾದ, ನಸುಗಂದು ನೀರು ಬರುತ್ತಿತ್ತು. ವಾಸನೆ ಇರಲಿಲ್ಲ. ನಾನು ಮೂಸಿ ನೋಡಿದ್ದೇನೆ.

ಆ ಕಡೆ ಸೋಪು, ಫಿನಾಯಿಲು ಒಯ್ಯುವಂತಿರಲಿಲ್ಲ. "ಹುಳ ಸತ್ತರ ಸಗಣಿ ತಿನ್ನಾಕ ನೀವ ಬರ್ರಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಆದರೆ ಹಬ್ಬಕ್ಕೆ ದನದ ಮನೆಗೆ ಸುಣ್ಣ ಬಳಿಯದೆ ಇರಲಾದೀತೆ? ಬೆಳಗಾಗೆದ್ದು ಬಳಿದು, ಬಕೆಟ್ಟು ಕುಂಚ ತೊಳೆದು, ಉಳಿದ ಸುಣ್ಣವನ್ನೂ ಅಲ್ಲೇ ಚೆಲ್ಲಿದ್ದಳು. ಅವಳ ಪಾಲಿಗೆ ಸುಣ್ಣ ಫಿನಾಯಿಲಿನಂಥ ಔಷಧವಲ್ಲ, ಹಬ್ಬ. ಇಳಿಜಾರು ಮಾತ್ರ ನೇರ ತೊಟ್ಟಿಗೆ.

ತೊಟ್ಟಿಯ ಗೋಡೆಯ ಮೇಲೆ ಮೊದಲು ಕಂಡದ್ದನ್ನು ನಾನು ದಾರ ಅಂದುಕೊಂಡೆ. ದಾರ ಮೇಲೆ ಹತ್ತಿತು. ನೋಡನೋಡುತ್ತ ಗೋಡೆಯೆಲ್ಲ ಕೆಂಪಾಯಿತು.

ಅದೇ ಹೊತ್ತಿಗೆ ಚಾಚಾ ಬಂದರು. ಹಿಂದೆ ಅವರ ಕೋಳಿಗಳು.

"ಅಕ್ಕಾರ, ನೀರ ನೋಡಾಕ ಬಂದೇನ್ರಿ." ಅಲ್ಲಿಗೇ ನಿಂತರು. "ಇದೇನ್ರಿ, ಗೋಡಿ ಹರದಾಡಾಕತ್ತೈತಿ?"

"ಹಬ್ಬಕ್ಕ ಊರಿಗೆ ಹೊಂಟಾವ್ರಿ" ಎಂದಳು ಅಕ್ಕ. ಆಗಲೇ ಸಲಿಕೆಗೆ ಕೈ ಹಾಕಿದ್ದಳು.

ಕೋಳಿಗಳು ನುಗ್ಗಿದವು. ಚಾಚಾ ಹೆಗಲ ಮೇಲಿನ ಟವೆಲ್ಲು ಬೀಸುತ್ತ ತೊಟ್ಟಿಯ ಸುತ್ತ ಓಡಿದರು. "ಬಿಡ್ರಲೇ! ಮಂದಿ ಮನಿ ಹುಳ ಅವು!" ಒಂದು ಕೋಳಿಯೂ ಬಿಡಲಿಲ್ಲ. ಅಕ್ಕ ಸಲಿಕೆಯಿಂದ ಸುಣ್ಣ ಹತ್ತಿದ ಹೊಟ್ಟನ್ನು ಎತ್ತಿ ಎತ್ತಿ ಹೊರಗೆ ಎಸೆಯುತ್ತಿದ್ದಳು.

"ತಮ್ಮಾ, ಏನ್ ನೋಡಾಕತ್ತಿ? ಹಾಕೋ ನೀರ!"

ಕೈಯಲ್ಲಿದ್ದದ್ದನ್ನು ಹಾಕಿದೆ. ಅದು ಚಹಾ. ಆಮೇಲೆ ಕೊಡ ತಂದೆ.

ಬಹಳ ಹೊತ್ತಿನ ಮೇಲೆ ಚಾಚಾ ಏದುಸಿರು ಬಿಡುತ್ತ ಕಟ್ಟೆಯ ಮೇಲೆ ಕುಳಿತರು. ಅಕ್ಕ ತಾನಾಗಿಯೇ ಕೇಳಿದಳು: "ಮಣ್ಣ ಯಾವಾಗ ಹಾಕ್ತೀರಿ?"

"ಎಲ್ಲೀ ಮಣ್ಣ್ರಿ? ನನ್ನ ಕೋಳಿ ನಿಮ್ಮ ಕೆಲಸದಾಳು ತಿಂದಾವ. ಇನ್ನ ಯಾವ ಬಾಯಿಲೆ ಕಾಲವಿ ಮುಚ್ಚಲಿ? ಉಳದಾವಲ್ಲ, ಅವು ಮರಿ ಮಾಡೂತನಕ ಕೋಳಿ ಕಟ್ಟಿ ಹಾಕ್ತೇನಿ."

ಕಟ್ಟಿಹಾಕಿದರು. ಕಾಲುವೆ ಇಂದಿಗೂ ತೆರೆದೇ ಇದೆ, ನೀರು ತಿಳಿಯಾಗಿದೆ.

ಇದನ್ನು ಕಂಡವರಲ್ಲಿ ಈಗಲೂ ಇರುವವರು ಅಕ್ಕ, ಚಾಚಾ, ಎರಡು ಎಮ್ಮೆ. ಕೋಳಿಗಳಲ್ಲಿ ಯಾವುದೂ ಉಳಿದಿಲ್ಲ. ಹೊಟ್ಟಿನಡಿ ಉಳಿದ ಹುಳುಗಳೂ ಅಲ್ಲಿದ್ದವು. ಅವಕ್ಕೆ ಕಣ್ಣಿಲ್ಲದ್ದರಿಂದ ಸಾಕ್ಷಿಗೆ ಸೇರಿಸಿಲ್ಲ.