ದೊಡ್ಡ ಫ್ಲಾಪಿಗೊಂದು ಬಾಯಿ

ಗೌರಿಬಿದನೂರಿನಿಂದ ಬೆಳಗ್ಗೆ ಏಳರ ಬಸ್ಸು ಹಿಡಿದೆವು. ಅಮ್ಮನ ಕೈಚೀಲದಲ್ಲಿ ಚಿತ್ರಾನ್ನದ ಡಬ್ಬಿ. ಎರಡು ರಟ್ಟುಗಳ ನಡುವೆ ಹಪ್ಪಳದಷ್ಟಗಲದ ಕಪ್ಪು ಫ್ಲಾಪಿ. ಹದಿನೈದು ವರ್ಷದ ಹಿಂದೆ ಅಮ್ಮ ಶಿಡ್ಲಘಟ್ಟದ ರೇಷ್ಮೆ ಆಫೀಸೊಂದರಲ್ಲಿ ಟೈಪಿಸ್ಟ್. ಮಧ್ಯಾಹ್ನ ಊಟ ತರುತ್ತಿದ್ದ ಅಜ್ಜಿ ಪಕ್ಕದಲ್ಲಿ ಕೂತು ಸೋಬಾನೆ ಪದ ಹೇಳಿದರೆ, ಅಮ್ಮ ಕಿವಿಗೆ ಬಿದ್ದದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದಳು. ಅಜ್ಜಿ ಈಗಿಲ್ಲ. ಮುಂದಿನ ತಿಂಗಳು ಅಕ್ಕನ ಮದುವೆ. ಆ ಪದಗಳು ಉಳಿದಿರುವುದು ಈ ಹಪ್ಪಳದಲ್ಲಿ ಮಾತ್ರ.

ಅಂಗಡಿ ಬೋರ್ಡು ಕಂಡರೆ ಸಾಕು, ಅಮ್ಮನ ಬೆರಳುಗಳು ಚೀಲದ ಮೇಲೆ ಅದನ್ನು ಟೈಪ್ ಮಾಡುತ್ತವೆ, ಹಳೇ ಚಟ. ನಾನೂ ಮೊಣಕಾಲ ಮೇಲೆ ಟಕಟಕ ಎಂದು ಅಣಕಿಸಿದೆ. ಮಂಚೇನಹಳ್ಳಿಯಲ್ಲಿ ಕಂಡಕ್ಟರನ ಮೂಗುದನಿ ತೆಗೆದು "ಮುಂದುಕ್ ಹೋಗ್ರೀ" ಅಂದೆ. ನಿಂತವರೆಲ್ಲ ನಿಜಕ್ಕೂ ಮುಂದೆ ಸರಿದರು. ಕಂಡಕ್ಟರ್ ದುರುಗುಟ್ಟಿದ, ನನಗೆ ತಟ್ಟನೆ ಕಿಟಕಿಯಾಚೆಯ ಬೆಟ್ಟದ ಮೇಲೆ ಭಕ್ತಿ ಹುಟ್ಟಿತು.

ಚಿಕ್ಕಬಳ್ಳಾಪುರದ ಸೈಬರ್ ಕೆಫೆಯವನು ಫ್ಲಾಪಿಯನ್ನು ತಿರುಗಿಸಿ ನೋಡಿ, "ಆಂಟಿ, ಇದು ಹೋಗೋ ತೂತೇ ಈಗ ಬರಲ್ಲ" ಅಂದ. ಶಿಡ್ಲಘಟ್ಟದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ತೂತಿತ್ತು. ಫ್ಲಾಪಿ ಒಳಹೋಗಿ ಗೊರಗೊರ ಎಂದಿತು, ಅಷ್ಟೇ. "ಇದನ್ನ ಬರೆದಿರೋ ಕಂಪ್ಯೂಟ್ರು ಬೇರೆ ತಳಿ, ಇದಕ್ಕೆ ಅರ್ಥ ಆಗಲ್ಲ" ಎಂದ ಮೇಷ್ಟ್ರು ಚಿಂತಾಮಣಿಯ ಅನ್ವರ್ ಭಾಯ್ ಹೆಸರು ಹೇಳಿದರು.

ಬಿಸಿಲು ನೆತ್ತಿಗೇರಿತ್ತು. "ಊಟ ಮಾಡಣಮ್ಮ" ಅಂದೆ.

"ನೀನ್ ತಿನ್ನಪ್ಪ. ಪದ ಸಿಗ್ಲಿ, ಆಮೇಲೆ ನಾನು."

ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಅರ್ಧ ಡಬ್ಬಿ ಖಾಲಿ ಮಾಡಿದೆ. ನಾಚಿಕೆಯಾಯಿತು, ಆದರೆ ಹಸಿವಿನಷ್ಟಲ್ಲ.

ಅನ್ವರ್ ಭಾಯ್ ಅವರದು ರೇಡಿಯೋ ರಿಪೇರಿ ಅಂಗಡಿ. ಹಿಂದಿನ ಕೋಣೆಯಲ್ಲಿ ಮೂರು ಮುದಿ ಕಂಪ್ಯೂಟರುಗಳು. ಮೊದಲನೆಯದು ಫ್ಲಾಪಿಯನ್ನು ಓದಲಿಲ್ಲ, ಎರಡನೆಯದೂ ಓದಲಿಲ್ಲ. "ಅವಸರ ಮಾಡ್ಬೇಡಿ ಅಮ್ಮಾ, ವಯಸ್ಸಾದೋರು" ಎನ್ನುತ್ತ ಮೂರನೆಯದಕ್ಕೆ ಹಾಕಿದರು. ಹಸಿರು ಅಕ್ಷರಗಳು ಸಾಲುಸಾಲಾಗಿ ಇಳಿದವು. ಎಲ್ಲ ಇಂಗ್ಲಿಷ್, ಅರ್ಥವೇ ಇಲ್ಲ.

"ಕನ್ನಡ ತೋರ್ಸೋ ಸಾಫ್ಟ್‌ವೇರ್ ನನ್ನತ್ರ ಇಲ್ಲಮ್ಮ. ಆವತ್ತು ಕನ್ನಡಕ್ಕೆ ಅಂತ ನೀವು ಒತ್ತಿದ ಇಂಗ್ಲಿಷ್ ಕೀಗಳು, ಅಷ್ಟೇ ಇವು."

ಅಮ್ಮ ಕುರ್ಚಿಯೆಳೆದು ಕೂತಳು. ಆಮೇಲೆ ಹತ್ತು ಬೆರಳುಗಳನ್ನೂ ಬರಿ ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿದಳು. "ಒಂದೊಂದೇ ಅಕ್ಷರ ಓದೋ."

"ಎಚ್. ಜೆ. ಸೆಮಿಕೋಲನ್. ಡಿ..."

ಬೆರಳುಗಳು ಇಲ್ಲದ ಕೀಗಳನ್ನು ಒತ್ತಿದವು, ಬಾಯಿಂದ ಕನ್ನಡ ಬಂತು: "ಹಸೆಮ್ಯಾಲೆ ಕೂತವ್ಳೆ ನಮ್ಮನೆ ಮಲ್ಲಿಗೆ..." ಮೂರು ಊರಿನ ಯಂತ್ರಗಳಿಗೆ ಬಾರದ ಓದು ಅದು, ಬೆಳಗ್ಗೆ ನಾನು ಅಣಕಿಸಿದ ಬೆರಳುಗಳಲ್ಲಿತ್ತು! ನಾನು ಬಾಯಿ ತೆರೆದು ನಿಂತುಬಿಟ್ಟೆ.

"ನಿಲ್ಲಿಸ್ಬೇಡ ಕಣೋ!"

ಅನ್ವರ್ ಭಾಯ್ ಹಾಡುತ್ತಿದ್ದ ರೇಡಿಯೋ ಆರಿಸಿದರು. ನಾಲ್ಕನೇ ಪದದ ನಡುವೆ ಅಮ್ಮನ ಬಾಯಿಂದ ರಾಗವಿಲ್ಲದ ಸಾಲೊಂದು ಬಂತು: "ಅನ್ನ ಆರೋಯ್ತದೆ, ಮೊದ್ಲು ಉಣ್ಣೇ ಪದ್ದಿ."

ಬೆರಳುಗಳು ನಿಂತವು.

"ಪದ್ದಿ ಯಾರಮ್ಮಾ?" ಅನ್ವರ್ ಭಾಯ್ ಮೆಲ್ಲಗೆ ಕೇಳಿದರು.

"ನಾನೇ. ನಮ್ಮಮ್ಮ ಅಂದಿದ್ದನ್ನೆಲ್ಲ ಟೈಪ್ ಹೊಡೀತಿದ್ದೆ. ಇದನ್ನೂ ಹೊಡೆದಿದ್ದೀನಿ."

ಊರವರ ದನಿಯೆಲ್ಲ ತೆಗೆಯುವ ನನಗೆ ಅಜ್ಜಿಯ ಆ ಒಂದು ದನಿ ಬರಲಿಲ್ಲ. ಅಮ್ಮ ಎದ್ದು ಕೈ ತೊಳೆದು ಬಂದಳು. ಡಬ್ಬಿ ತೆರೆದು, ಎಂದೋ ಆರಿಹೋಗಿದ್ದ ಚಿತ್ರಾನ್ನ ಉಣ್ಣತೊಡಗಿದಳು.