ಅದಲುಬದಲಾದ ಎರಡು ಟಾಕಿ

ಆಳಂದದ ಪಂಪ್‌ಹೌಸಿನಲ್ಲಿ ನನ್ನ ಕೆಲಸ ಮುಗಿಯುತ್ತ ಬಂದಿತ್ತು. ಹಳ್ಳಿಗಳ ನೀರಿನ ಟಾಕಿಗಳಿಗೆ ಒಂದೊಂದು ನಂಬರು ಕೊಟ್ಟು, ರೇಡಿಯೊ ತರಂಗದಲ್ಲಿ ಬರುವ ಅವುಗಳ ಮಾಹಿತಿಯನ್ನು ಸೀರಿಯಲ್ ಕೇಬಲ್ಲಿನಿಂದ ಡೇಟಾ ಸರ್ವರ್ ಕಂಪ್ಯೂಟರಿಗೆ ಜೋಡಿಸಿದ್ದೆ. ಎಲ್ಲಿ ಎಷ್ಟು ನೀರಿದೆ ಎಂದು ಪರದೆಯ ಮೇಲೆ ನೋಡಿ, ಅಲ್ಲಿಂದಲೇ ವಾಲ್ವ್ ತೆರೆಯಬಹುದಿತ್ತು.

ನಿಂಬರ್ಗಾ ಟಾಕಿ ಖಾಲಿ ಎಂದು ತೋರಿಸಿತು. ಪಂಪು ನಡೆದೇ ಇತ್ತು. ವಾಲ್ವ್ ತೆರೆದೆ.

ಆಪರೇಟರ್ ಮಹಾದೇವಿ ಚಹಾ ಕೊಡುತ್ತ ಅಂದರು: “ನಮ್ಮ ಮನಿಯವ್ರೂ ಇವತ್ತ ಕೆಲಸಕ್ಕ ಹೋಗ್ಯಾರ್ರಿ. ಹಿರೋಳ್ಳಿ ಟಾಕಿ ತೊಳ್ಯಾಕ ಒಳಗ ಇಳದಾರ.”

ಪರದೆ ನೋಡಿದೆ. ಹಿರೋಳ್ಳಿ ಟಾಕಿ ತುಂಬಿದೆ ಎಂದಿತ್ತು. ಜನ ಇಳಿದ ಟಾಕಿ ತುಂಬಿರುವುದು ಹೇಗೆ? ಎರಡು ಊರಿನ ನಂಬರು ಅದಲುಬದಲು ಮಾಡಿದ್ದೆ. ನೀರು ಬಿಟ್ಟದ್ದು ಈಕೆಯ ಗಂಡನ ಮೇಲೆ.

“ಅಕ್ಕಾರ, ಪಂಪ್ ಬಂದ್ ಮಾಡ್ರಿ!”

ಯಾಕೆಂದು ಕೇಳದೆ ಓಡಿಹೋಗಿ ಬಂದ್ ಮಾಡಿದರು. ವಾಲ್ವ್ ಮುಚ್ಚುತ್ತಲೇ ವಿಷಯ ಹೇಳಿದೆ. ಅವರು ಕೂಡಲೇ ಗಂಡನಿಗೆ ಫೋನ್ ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು.

ಕೊನೆಗೆ ಆ ಕಡೆಯಿಂದಲೇ ಫೋನ್ ಬಂತು. “ಯಾವನ ಬೇ ನೀರ ಬಿಟ್ಟಾಂವ? ನಿಚ್ಚಣಿಕಿ ಹಿಡದು ಮ್ಯಾಲ ಬರೂದ್ರಾಗ ಎಲ್ಲಾರೂ ತೊಯ್ದೀವಿ!”

ಮಹಾದೇವಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಗದರಿದರು: “ಮುಂಜಾನಿ ಜಳಕಾ ಮಾಡ್ರಿ ಅಂದ್ರ ಕೇಳಿದ್ರೇನು? ಈಗ ಆತಲ್ಲ!”

ನಾನು ನಂಬರು ತಿದ್ದಲು ಕುಳಿತೆ. ಈ ಸಲ ಒಂದೊಂದು ಅಂಕಿ ಒತ್ತುವ ಮೊದಲೂ ಊರಿನ ಹೆಸರನ್ನು ಮಹಾದೇವಿಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ.