ಮೌನದೂಟದ ಗಂಟೆ

ಡಚ್ಚರ ನಾಡಿನ ದ ಹೇಗ್ ನಗರದ ಸಮೀಪದ ಈ ಹಳೆಯ ಮಠದಲ್ಲಿ ಮಧ್ಯಯುಗದ ಕ್ರೈಸ್ತ ಸನ್ಯಾಸಿನಿಯರು ಮೌನವಾಗಿ ಉಣ್ಣುತ್ತಿದ್ದರಂತೆ. ಏನು ಬೇಕಾದರೂ ಕೈಸನ್ನೆಯೇ. ಈಗ ಪ್ರವಾಸಿಗರಿಗೂ ಅದೇ ಪಂದ್ಯ. ಊಟ ಮುಗಿಯುವವರೆಗೆ ತುಟಿ ಬಿಚ್ಚದವರು ಮಠದ ಗಂಟೆ ಬಾರಿಸಬಹುದು.

ಧಾರವಾಡದಿಂದ ಬಂದಿದ್ದ ಅವ್ವನನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಅವಳು ನಿದ್ದೆಯಲ್ಲೂ ಮಾತಾಡುವವಳು.

ಸೂಪು ಬಂತು. "ಇದಕ್ಕ ಉಪ್ಪೇ ಇಲ್ಲಲ್ಲ!" ಎಂದು ನಾನೇ ಮೊದಲು ಸೋತೆ. ಎದುರಿನ ಡಚ್ ದಂಪತಿಯೂ ನಕ್ಕು ಮಾತಾಡಿಬಿಟ್ಟರು. ಅವ್ವ ಮಾತ್ರ ಬೆರಳು ತಿಕ್ಕಿ ತೋರಿಸಿ ಬಡಿಸುವಾಕೆಯಿಂದ ಉಪ್ಪು ತರಿಸಿಕೊಂಡಳು. ಊರ ಮನೆಯಲ್ಲಿ ಮಾತಿಲ್ಲದೆ ಸನ್ನೆಯಲ್ಲೇ ಉಪ್ಪು ಕೇಳುತ್ತಿದ್ದ ಅಪ್ಪನಿಗೆ ಬಡಿಸಿ ಬಡಿಸಿ ಕಲಿತ ಸನ್ನೆ ಅದು!

ಗೆದ್ದ ಅವ್ವ ಗಂಟೆಯ ಹಗ್ಗ ಜಗ್ಗಿದಳು. ಬೀದಿಯ ಸೈಕಲ್ಲುಗಳು ನಿಂತವು.

"ಸಾಕವ್ವಾ!" ಎಂದೆ.

"ತಡಿಯೋ, ಇಷ್ಟೊತ್ತು ಆಡದ ಮಾತೆಲ್ಲಾ ಇನ್ನೂ ಒಳಗ ಕುಂತಾವ" ಎಂದವಳೇ ಮತ್ತೆ ಜಗ್ಗಿದಳು.